ವರ್ಷ ಎಣಿಸಿದರೆ ಸಾಲದು

ಇಂಗ್ಲೆಂಡಿಗೆ ಕೆಲಸಕ್ಕೆ ಬಂದ ನಮ್ಮವರು ಮನೆ ಕೊಳ್ಳಲು ಹೊರಟಾಗ ಮೊದಲು ಕೈಗೆಟುಕುವುದು ಫ್ಲಾಟ್. ಇಲ್ಲಿ ಫ್ಲಾಟ್ ಎಂದರೆ ಬಹುಮಟ್ಟಿಗೆ ಲೀಸ್‌ಹೋಲ್ಡ್. ಬೆಂಗಳೂರಿನ ಅಪಾರ್ಟ್‌ಮೆಂಟಿನ ಕ್ರಯಪತ್ರದಲ್ಲಿ ಜಮೀನಿನ ಅವಿಭಜಿತ ಪಾಲು ಇಷ್ಟು ಚದರಡಿ ಎಂದು ಬರೆದಿರುತ್ತದೆ. ಇಲ್ಲಿ ನೆಲವೂ ಸಾಮಾನ್ಯವಾಗಿ ಹೊರಗೋಡೆ, ಚಾವಣಿಗಳೂ ಫ್ರೀಹೋಲ್ಡರ್ ಎಂಬ ಬೇರೊಬ್ಬರವು. ನಾವು ಕೊಳ್ಳುವುದು ಇಂತಿಷ್ಟು ವರ್ಷ ಅಲ್ಲಿರುವ ಹಕ್ಕನ್ನು. ರೆಡಿಂಗ್‌ನಲ್ಲಿ ನಾವು ಫ್ಲಾಟ್ ಹುಡುಕುತ್ತಿದ್ದಾಗ ಮೈಸೂರಿನಿಂದ ಅಪ್ಪ ಫೋನ್ ಮಾಡಿ, “ಇಸಿ ತೆಗೆಸಿದ್ಯಾ? ಖಾತಾ ಯಾರ ಹೆಸರಲ್ಲಿದೆ?” ಎನ್ನುತ್ತಿದ್ದರು. ಲ್ಯಾಂಡ್ ರಿಜಿಸ್ಟ್ರಿಗೆ ಕೆಲವೇ ಪೌಂಡ್ ಕಟ್ಟಿದರೆ ಮಾಲೀಕರ ಹೆಸರು, ಅಡಮಾನ ಎಲ್ಲ ಆನ್‌ಲೈನಿನಲ್ಲೇ ಸಿಗುತ್ತದೆ ಎಂದಾಗ ಅವರಿಗೆ ಸಮಾಧಾನವಾಯಿತು. ನೆಲ ನಮ್ಮದಲ್ಲ ಎಂದೊಡನೆ ಆ ಸಮಾಧಾನ ಹಾರಿಹೋಯಿತು. “ಮತ್ತೆ ಅಷ್ಟು ದುಡ್ಡು ಯಾತಕ್ಕೋ ಸುರೀತೀಯ?”

ನ್ಯಾಯವಾದ ಪ್ರಶ್ನೆ. ಉತ್ತರ ಲೀಸ್ ಪತ್ರದಲ್ಲಿ ಇರುತ್ತದೆಯೇ ಹೊರತು ಏಜೆಂಟನ ಮಾತಿನಲ್ಲಲ್ಲ.

ಎಲ್ಲರೂ ಮೊದಲು ಕೇಳುವುದು ಎಷ್ಟು ವರ್ಷ ಉಳಿದಿದೆ ಎಂದು. ಕೇಳಬೇಕಾದ್ದೇ. 80 ವರ್ಷಕ್ಕಿಂತ ಕೆಳಗಿಳಿದರೆ, ಲೀಸ್ ವಿಸ್ತರಿಸುವುದರಿಂದ ಏರುವ ಮೌಲ್ಯದಲ್ಲಿ ಅರ್ಧ ಫ್ರೀಹೋಲ್ಡರ್‌ಗೆ ಸೇರಬೇಕು. ಇದನ್ನು ಮ್ಯಾರೇಜ್ ವ್ಯಾಲ್ಯೂ ಎನ್ನುತ್ತಾರೆ. 2024ರ ಸುಧಾರಣಾ ಕಾಯ್ದೆ ಇದನ್ನು ತೆಗೆದುಹಾಕಿದೆ, ವಿಸ್ತರಣೆಯನ್ನು 990 ವರ್ಷಕ್ಕೆ ಏರಿಸಿದೆ. ಆದರೆ ನಾನು ಇದನ್ನು ಬರೆಯುವ ಹೊತ್ತಿಗೆ ಆ ಭಾಗಗಳು ಕಾಗದದ ಮೇಲೇ ಇವೆ. ನಡೆಯುತ್ತಿರುವುದು 90 ವರ್ಷ ಸೇರಿಸಿಕೊಡುವ 1993ರ ಕಾಯ್ದೆ. ಜಾರಿಗೆ ಬಂದ ಒಂದು ಅನುಕೂಲ ಮಾತ್ರ ದೊಡ್ಡದು. ಮೊದಲು ಫ್ಲಾಟ್ ಕೊಂಡು ಎರಡು ವರ್ಷ ಕಾಯದೆ ವಿಸ್ತರಣೆ ಕೇಳುವಂತಿರಲಿಲ್ಲ. 2025ರ ಜನವರಿ 31ರಿಂದ ಆ ಕಾಯುವಿಕೆ ಇಲ್ಲ. 83 ವರ್ಷ ಉಳಿದ ಫ್ಲಾಟ್ ಅಗ್ಗವಾಗಿ ಸಿಕ್ಕರೆ, ವಿಸ್ತರಣೆಯ ಖರ್ಚನ್ನು ಸರ್ವೇಯರ್ ಹತ್ತಿರ ಲೆಕ್ಕ ಹಾಕಿಸಿ ಬೆಲೆಯಲ್ಲಿ ಕಳೆದು ಕೇಳಿ.

ನೆಲಬಾಡಿಗೆಯದೂ ಹೀಗೆಯೇ. 2022ರ ಜೂನ್ 30ರಿಂದ ಮಾಡಿದ ಹೊಸ ಲೀಸ್‌ಗಳಲ್ಲಿ ಕಾನೂನು ಒಪ್ಪುವ ನೆಲಬಾಡಿಗೆ ವರ್ಷಕ್ಕೆ ಒಂದು ಕಾಳುಮೆಣಸು. ನಿಜವಾಗಿಯೂ ಕಾಯ್ದೆಯಲ್ಲಿ ಹಾಗೇ ಇದೆ; ಸಕಲೇಶಪುರದವರು ನಗಬಹುದು. ಹಳೆಯ ಲೀಸ್‌ಗಳಿಗೆ ಈ ಭಾಗ್ಯವಿಲ್ಲ. ಹತ್ತು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ ಎಂಬ ಸಾಲು ಕಂಡರೆ ಪೆನ್ಸಿಲ್ ತೆಗೆದುಕೊಳ್ಳಿ: ಇಂದು 250 ಪೌಂಡ್ ಇದ್ದದ್ದು 50 ವರ್ಷಕ್ಕೆ 8,000 ಆಗುತ್ತದೆ. ನಿಮಗೆ ಅಷ್ಟು ಕಾಲ ಆ ಮನೆ ಬೇಡದಿರಬಹುದು. ನಿಮ್ಮಿಂದ ಕೊಳ್ಳುವವನಿಗೆ ಸಾಲ ಕೊಡುವ ಬ್ಯಾಂಕು ಇದನ್ನು ನೋಡಿಯೇ ನೋಡುತ್ತದೆ.

ಇಷ್ಟಾದರೂ ವರ್ಷಕ್ಕೂ ನೆಲಬಾಡಿಗೆಗೂ ಒಂದು ಬೆಲೆ ಇದೆ, ಆ ಬೆಲೆ ತೆತ್ತರೆ ಬಗೆಹರಿಯುತ್ತವೆ. ನನ್ನ ಮಟ್ಟಿಗೆ ನಿಜವಾಗಿ ಹೆದರಬೇಕಾದ್ದು ಸರ್ವಿಸ್ ಚಾರ್ಜಿಗೆ. ಅದಕ್ಕೆ ಮೇಲ್ಮಿತಿಯಿಲ್ಲ, ಕೊನೆಯೂ ಇಲ್ಲ. ಲಿಫ್ಟ್, ವಿಮೆ, ಮೆಟ್ಟಿಲ ದೀಪ, ಮ್ಯಾನೇಜಿಂಗ್ ಏಜೆಂಟನ ಸಂಬಳ ಎಲ್ಲ ಅದರೊಳಗೆ. ಬೆಂಗಳೂರಿನಲ್ಲಿ ಮೇಂಟೆನೆನ್ಸ್ ಏರಿದರೆ ಅಸೋಸಿಯೇಷನ್ ಸಭೆಯಲ್ಲಿ ಗಲಾಟೆ ಮಾಡಿ ಅಧ್ಯಕ್ಷರನ್ನೇ ಬದಲಿಸಬಹುದು. ಇಲ್ಲಿ ಖರ್ಚು ಮಾಡುವವರು ಫ್ರೀಹೋಲ್ಡರ್ ನೇಮಿಸಿದವರು, ಕಟ್ಟುವವರು ನಾವು. ಖರ್ಚು ಸಮಂಜಸವಾಗಿರಬೇಕು ಎಂದು 1985ರ ಕಾಯ್ದೆ ಹೇಳುತ್ತದೆ, ಟ್ರಿಬ್ಯೂನಲ್ಲಿಗೆ ಹೋಗಲೂಬಹುದು. ಆದರೆ ಅದಕ್ಕೆ ಬೇಕಾದ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಹಾಗಾಗಿ ಕೊನೆಯ ಮೂರು ವರ್ಷದ ಲೆಕ್ಕಪತ್ರ, ಮುಂದಿನ ಬಜೆಟ್, ರಿಸರ್ವ್ ಫಂಡಿನಲ್ಲಿರುವ ಹಣ ಇವನ್ನು ಕೇಳಿ ಪಡೆಯಬೇಕು. ಮಾರುವವರು ಕೊಡಿಸುವ ಮ್ಯಾನೇಜ್‌ಮೆಂಟ್ ಪ್ಯಾಕಿನಲ್ಲಿ ಇವೆಲ್ಲ ಬರುತ್ತವೆ. ನಾವು ಮೆಚ್ಚಿದ ಫ್ಲಾಟಿನ ಪ್ಯಾಕಿನಲ್ಲಿ ಸೆಕ್ಷನ್ 20 ನೋಟಿಸ್ ಇತ್ತು. ದುರಸ್ತಿಯಲ್ಲಿ ಯಾವುದೇ ಒಂದು ಫ್ಲಾಟಿನ ಪಾಲು 250 ಪೌಂಡ್ ಮೀರುವುದಾದರೆ ನಿವಾಸಿಗಳಿಗೆ ನೋಟಿಸ್ ಕೊಟ್ಟು ಅಭಿಪ್ರಾಯಕ್ಕೆ 30 ದಿನ ಬಿಡಬೇಕು. ಬಿಡದಿದ್ದರೆ, ಟ್ರಿಬ್ಯೂನಲ್ ವಿನಾಯಿತಿ ಕೊಡದ ಹೊರತು, 250ಕ್ಕಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ. ನಮ್ಮದರಲ್ಲಿ ಎಲ್ಲ ಕ್ರಮವಾಗಿಯೇ ಇತ್ತು: ಚಾವಣಿ ಬದಲಿಸಬೇಕು, ರಿಸರ್ವ್ ಫಂಡಿನಲ್ಲಿ ಹಣವಿಲ್ಲ. ಸಾಮಾನ್ಯವಾಗಿ ಬಿಲ್ ಬಂದ ದಿನ ಯಾರ ಹೆಸರಲ್ಲಿ ಲೀಸ್ ಇದೆಯೋ ಅವರೇ ಕಟ್ಟಬೇಕು. ಅಂದರೆ ಮಾರಿದವರ ಕಾಲದಲ್ಲಿ ಹಾಳಾದ ಚಾವಣಿಗೆ ನಾವು ದುಡ್ಡು ಕೊಡಬೇಕು. ನಮ್ಮ ಸಾಲಿಸಿಟರ್ ಬೆಲೆ ಇಳಿಸಿ ಎನ್ನುವ ಬದಲು ರಿಟೆನ್ಷನ್ ಕೇಳಿದರು: ಮಾರಾಟದ ಹಣದಲ್ಲಿ ಒಂದು ಪಾಲು ವಕೀಲರ ಖಾತೆಯಲ್ಲೇ ಉಳಿದು, ಬಿಲ್ ಬಂದಾಗ ಅದರಿಂದ ಕಟ್ಟಿ, ಮಿಕ್ಕದ್ದು ಮಾರಿದವರಿಗೆ. ಅವರು ಒಂದಿಷ್ಟು ಗೊಣಗಿ ಒಪ್ಪಿದರು. ಆ ಒಂದು ಕೆಲಸಕ್ಕೇ ಸಾಲಿಸಿಟರ್ ಫೀ ವಸೂಲಾಯಿತು.

ಎತ್ತರದ ಕಟ್ಟಡವಾದರೆ ಬೆಂಕಿಯ ವಿಚಾರವನ್ನೂ ಕೇಳಲೇಬೇಕು. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರಿಗೆ ಬೆಂಕಿ ಬಿದ್ದು 72 ಜನ ಸತ್ತ ಮೇಲೆ, ಹೊರಗೋಡೆಯ ಹೊದಿಕೆ ಬದಲಿಸುವ ಖರ್ಚು ಸಾವಿರಾರು ಫ್ಲಾಟ್‌ದಾರರ ತಲೆಗೆ ಬಂತು. 11 ಮೀಟರ್ ಅಥವಾ ಐದು ಮಹಡಿಯಿಂದ ಮೇಲಿನ ಕಟ್ಟಡಗಳಲ್ಲಿ 2022ರ ಕಟ್ಟಡ ಸುರಕ್ಷತಾ ಕಾಯ್ದೆ ಈಗ ರಕ್ಷಣೆ ಕೊಡುತ್ತದೆ. ಆದರೆ ಅದು ಸಿಗುವುದು 2022ರ ಫೆಬ್ರುವರಿ 14ರಂದು ಆ ಫ್ಲಾಟಿನ ಮಾಲೀಕರ ಸ್ಥಿತಿ ಹೇಗಿತ್ತು ಎಂಬುದರ ಮೇಲೆ. ಅದೇ ಅವರ ಮುಖ್ಯ ಮನೆಯಾಗಿತ್ತೇ, ಅಲ್ಲದಿದ್ದರೆ ಈ ದೇಶದಲ್ಲಿ ಅವರಿಗೆ ಮೂರಕ್ಕಿಂತ ಹೆಚ್ಚು ಮನೆಗಳಿದ್ದವೇ? ಅದಕ್ಕೆ ಸಹಿ ಮಾಡಿದ ಪ್ರಮಾಣಪತ್ರ ಕೈಗೆ ಬರುವವರೆಗೆ ಮುಂದುವರಿಯಬೇಡಿ.

ಲೀಸಿನ ಸಣ್ಣ ಷರತ್ತುಗಳನ್ನು ಓದುವುದು ಬೇಸರದ ಕೆಲಸ, ಮಜವೂ ಇದೆ. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಬಾರದು, ನೆಲಕ್ಕೆ ಕಾರ್ಪೆಟ್ ಇರಲೇಬೇಕು, ನಾಯಿ ಸಾಕಲು ಅನುಮತಿ ಬೇಕು. ಕುಕ್ಕರ್ ವಿಷಲ್ ಬಗ್ಗೆ ಅದೃಷ್ಟಕ್ಕೆ ಏನೂ ಇರಲಿಲ್ಲ. ಮುಂದೆ ಊರಿಗೆ ಮರಳಿ ಫ್ಲಾಟನ್ನು ಬಾಡಿಗೆಗೆ ಬಿಡುವ ಯೋಚನೆಯಿದ್ದರೆ ಆ ಷರತ್ತನ್ನು ಮಾತ್ರ ಎರಡು ಸಲ ಓದಿ. ಷರತ್ತು ಮುರಿದರೆ ಕಡೆಗೆ ಲೀಸನ್ನೇ ಕಳೆದುಕೊಳ್ಳುವ ಫಾರ್ಫೀಚರ್ ಎಂಬ ಹಳೆಯ ಅಸ್ತ್ರ ಫ್ರೀಹೋಲ್ಡರ್ ಕೈಯಲ್ಲಿ ಇನ್ನೂ ಇದೆ.

ನಿವಾಸಿಗಳೇ ಸೇರಿ ಫ್ರೀಹೋಲ್ಡ್ ಕೊಂಡುಕೊಂಡ ಕಟ್ಟಡ ಸಿಕ್ಕರೆ, ಒಂದಿಷ್ಟು ಹೆಚ್ಚು ಬೆಲೆಯಾದರೂ ನಾನು ಅದನ್ನೇ ಆರಿಸುತ್ತೇನೆ. ಸಾಲಿಸಿಟರ್ ವಿಷಯದಲ್ಲಿ, ಬಿಲ್ಡರ್ ತೋರಿಸಿದವರನ್ನು ಬಿಟ್ಟು ಲೀಸ್‌ಹೋಲ್ಡ್ ಬಲ್ಲವರನ್ನು ನೀವೇ ಹುಡುಕಿ. ಇಲ್ಲಿ ಕರಾರು ವಿನಿಮಯವಾಗುವವರೆಗೆ ಯಾರೂ ಯಾರಿಗೂ ಬದ್ಧರಲ್ಲ. ಸಾಮಾನ್ಯವಾಗಿ ಶೇ 10ರ ಮುಂಗಡ ಕೈಬಿಡುವುದು ಆ ದಿನ. ಪ್ಯಾಕು ತಡವಾದರೆ ಏಜೆಂಟ್ ದಿನಾ ಫೋನ್ ಮಾಡುತ್ತಾನೆ, ಮಾಡಲಿ ಬಿಡಿ.