ಇಪ್ಪತ್ತೆಂಟನ್ನು ಏಳರಿಂದ ಭಾಗಿಸಿದರೆ

ಒಂದು ಲೆಕ್ಕದಿಂದ ಶುರು ಮಾಡೋಣ. ಸರಿಯಾಗಿ 28 ದಿನಕ್ಕೊಮ್ಮೆ ಮುಟ್ಟಾಗುವ ಹುಡುಗಿಗೆ ಈ ಸಲ ಮಂಗಳವಾರ ಶುರುವಾದರೆ ಮುಂದಿನ ಸಲವೂ ಮಂಗಳವಾರವೇ. 28ನ್ನು 7ರಿಂದ ಭಾಗಿಸಿದರೆ ಶೇಷ ಸೊನ್ನೆ ತಾನೇ! ಅವಳ ಲ್ಯಾಬ್ ಕೂಡ ಮಂಗಳವಾರವೇ ಇದ್ದರೆ? ಸೆಮಿಸ್ಟರಿಗೆ 12 ಲ್ಯಾಬ್ ಅಂದುಕೊಳ್ಳಿ. ಮೂರು ಹೋದವು, ಉಳಿದದ್ದು ಶೇ 75. ವಿಟಿಯು ಕೇಳುವುದು ಶೇ 85. ಎಲ್ಲರ ಚಕ್ರವೂ ಹೀಗೆ ಗಡಿಯಾರದ ಹಾಗೆ ಇರಲ್ಲ, ನಿಜ. ಆದರೆ ಎರಡೇ ಲ್ಯಾಬ್ ತಪ್ಪಿದರೂ ಶೇ 83ಕ್ಕೆ ಬಂದು ನಿಲ್ಲುತ್ತೇವೆ.

ರಜಾಚೀಟಿಯಲ್ಲಿ ನಾವು ಬರೆಯೋದು 'ಜ್ವರ' ಅಂತ. ಪ್ರತಿ ತಿಂಗಳೂ ಒಂದೇ ದಿನಕ್ಕೆ ಬರುವ ಜ್ವರ ಯಾವುದು ಅಂತ ಯಾವ ಮೇಷ್ಟರೂ ಕೇಳಲ್ಲ. ಅವರಿಗೂ ಗೊತ್ತು, ನಮಗೂ ಗೊತ್ತು. ನಂಜನಗೂಡಿನಿಂದ ಬೆಳಗಿನ ಟ್ರೈನಿನಲ್ಲಿ ನಿಂತುಕೊಂಡೇ ಬಂದು, ಮತ್ತೆ ಮೂರು ಗಂಟೆ ವರ್ಕ್‌ಶಾಪಿನಲ್ಲಿ ನಿಲ್ಲುವವಳಿಗಂತೂ ಆ ದಿನ ಬರುವುದೋ ಬಿಡುವುದೋ ಅನ್ನೋದೇ ದೊಡ್ಡ ಪ್ರಶ್ನೆ.

ಇಷ್ಟಕ್ಕೂ ಈ ನೋವು ಯಾಕೆ ಬರುತ್ತೆ? "ಎಲ್ಲರಿಗೂ ಬರೋದೇ, ತಡ್ಕೋಬೇಕು" ಅನ್ನುವುದಕ್ಕಿಂತ ಒಳ್ಳೆಯ ಉತ್ತರ ಇದೆ. ಮುಟ್ಟಿಗೆ ಮುಂಚೆ ಪ್ರೊಜೆಸ್ಟರಾನ್ ಇಳಿದಾಗ ಗರ್ಭಕೋಶದ ಒಳಪದರದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಹೆಚ್ಚುತ್ತವೆ. ಅವು ಸ್ನಾಯುವನ್ನು ಹಿಂಡಿ, ಪದರ ಹೊರಬೀಳುವಂತೆ ಮಾಡುತ್ತವೆ. ತುಂಬಾ ನೋವು ತಿನ್ನುವವರಲ್ಲಿ ಇವುಗಳ ಪ್ರಮಾಣ ಜಾಸ್ತಿ. ಹಿಂಡುವಾಗ ಗರ್ಭಕೋಶದ ಒಳಗಿನ ಒತ್ತಡ 120 ಮಿ.ಮೀ. ಪಾದರಸವನ್ನೂ ದಾಟಬಹುದು. ಬಿಪಿ ನೋಡಿಸಿದಾಗ ಮೇಲಿನ ಸಂಖ್ಯೆ 120 ಅಂತ ಬರುತ್ತಲ್ಲ, ಅದನ್ನು ಮೀರಿದ ಒತ್ತಡ. ಮೆತ್ತನೆ ಕೊಳವೆಯ ಒಳಗಿಗಿಂತ ಹೊರಗಿನ ಒತ್ತಡ ಹೆಚ್ಚಾದರೆ ಹರಿವು ಏನಾಗುತ್ತೆ ಅಂತ ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ಹೇಳಬೇಕಿಲ್ಲ. ಅಷ್ಟು ಹೊತ್ತು ಆ ಸ್ನಾಯುವಿಗೆ ರಕ್ತ ಸಾಲದು. ನೋವು ಬರುವುದು ಅಲ್ಲಿಂದ. ಜೊತೆಗೆ ಬರುವ ವಾಂತಿ, ಭೇದಿಗೂ ಇದೇ ರಾಸಾಯನಿಕಗಳು ಕಾರಣ. ನಾಟಕ ಮಾಡ್ತಾಳೆ ಅನ್ನುವವರು ಈ ಪ್ಯಾರಾ ಇನ್ನೊಮ್ಮೆ ಓದಿ.

ಹಾಸ್ಟೆಲ್ ರೂಮುಗಳಲ್ಲಿ ಕೈಯಿಂದ ಕೈಗೆ ಓಡಾಡುವ ಮೆಫ್ಟಾಲ್ ಸ್ಪಾಸ್ ಕೆಲಸ ಮಾಡುವುದೂ ಇಲ್ಲೇ. ಆಸ್ಪಿರಿನ್ ಪ್ರೊಸ್ಟಗ್ಲಾಂಡಿನ್ ತಯಾರಿಯನ್ನೇ ತಡೆಯುತ್ತದೆ ಅಂತ 1971ರಲ್ಲಿ ಜಾನ್ ವೇನ್ ತೋರಿಸಿದರು. 1982ರ ನೊಬೆಲ್ ಹಂಚಿಕೊಂಡವರಲ್ಲಿ ಅವರೂ ಒಬ್ಬರು. ಮೆಫ್ಟಾಲಿನಲ್ಲಿರುವ ಮೆಫೆನಾಮಿಕ್ ಆಮ್ಲವೂ ಅದೇ ಕುಲದ್ದು. ತಯಾರಿಯನ್ನೇ ತಡೆಯುವ ಮಾತ್ರೆಯಾದ್ದರಿಂದ ಹಲ್ಲು ಕಚ್ಚಿಕೊಂಡು ಮಧ್ಯಾಹ್ನದವರೆಗೆ ಕಾದು ನುಂಗುವುದಕ್ಕಿಂತ ನೋವು ಶುರುವಾಗುತ್ತಲೇ, ಊಟ ಮಾಡಿ, ತಗೊಂಡರೆ ಹೆಚ್ಚು ಉಪಯೋಗ. ಹಾಗಂತ ಇದು ಪೆಪ್ಪರ್‌ಮೆಂಟಲ್ಲ. ಇದರಿಂದ ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದು ಅಂತ ಭಾರತೀಯ ಫಾರ್ಮಕೋಪಿಯಾ ಆಯೋಗ 2023ರ ನವೆಂಬರಿನಲ್ಲಿ ಎಚ್ಚರಿಸಿತ್ತು. ಆಸ್ತಮಾ, ಹೊಟ್ಟೆಹುಣ್ಣು ಇರುವವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಕಿಬ್ಬೊಟ್ಟೆ ಮೇಲೆ ಇಟ್ಟುಕೊಳ್ಳುವ ಅಜ್ಜಿ ಕಾಲದ ಉಪಾಯವೂ ನಿಜಕ್ಕೂ ಕೆಲಸ ಮಾಡುತ್ತೆ.

ಮಾತ್ರೆಗೂ ಬಗ್ಗದ, ವರ್ಷದಿಂದ ವರ್ಷಕ್ಕೆ ಏರುವ, ಮುಟ್ಟಿಲ್ಲದ ದಿನಗಳಲ್ಲೂ ಕಾಡುವ ನೋವಿನ ಕಥೆ ಬೇರೆ. ಎಂಡೊಮೆಟ್ರಿಯೋಸಿಸ್ ಇರಬಹುದು. ಮದುವೆಯಾಗದ ಹುಡುಗಿ ಹೆಂಗಸರ ಡಾಕ್ಟರ ಹತ್ತಿರ ಯಾಕೆ ಹೋಗಬೇಕು ಅಂತ ಮನೆಯಲ್ಲಿ ಅಂದರೂ ಹೋಗಿ. ನಮ್ಮೂರಲ್ಲೇ ಚೆಲುವಾಂಬ ಆಸ್ಪತ್ರೆ ಇದೆ, ಸರ್ಕಾರದ್ದು.

ಇನ್ನು ರಜೆಯ ವಿಷಯ. 2025ರ ಅಕ್ಟೋಬರ್ 9ರಂದು ರಾಜ್ಯ ಸಂಪುಟ ಉದ್ಯೋಗಸ್ಥ ಮಹಿಳೆಯರಿಗೆ ತಿಂಗಳಿಗೊಂದು ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿತು. ಅಂದರೆ ಪ್ಲೇಸ್‌ಮೆಂಟ್ ಆದ ಮೇಲೆ ಸಿಗುವ ರಜೆ ಅದಕ್ಕಾಗಿ ಓದುತ್ತಿರುವಾಗ ಇಲ್ಲ! ಕೇರಳದಲ್ಲಿ 2023ರ ಜನವರಿಯಲ್ಲಿ ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ ವಿದ್ಯಾರ್ಥಿನಿಯರಿಗೆ ಹಾಜರಾತಿಯಲ್ಲಿ ಶೇ 2ರಷ್ಟು ವಿನಾಯಿತಿ ಕೊಟ್ಟಿತು. ಆಮೇಲೆ ಸರ್ಕಾರ ಅದನ್ನು ಉಳಿದ ವಿಶ್ವವಿದ್ಯಾಲಯಗಳಿಗೂ ವಿಸ್ತರಿಸಿತು. ನಮಗೆ ಅಷ್ಟೂ ಬೇಡ. ಮಂಗಳವಾರ ತಪ್ಪಿದ ಪ್ರಯೋಗವನ್ನು ಗುರುವಾರದ ಬ್ಯಾಚಿನ ಜೊತೆ ಮಾಡಲು ಬಿಟ್ಟರೆ ಸಾಕು, 'ಜ್ವರ' ಅಂತ ಬರೆಸದೆ.