ಸೀಟು ಸಿಕ್ಕ ಮೇಲೆ ಹೇಗೆ ಕೂರುತ್ತೀಯ?

ರೋಸಾ ಪಾರ್ಕ್ಸ್ ಕತೆ ಗೊತ್ತು ಅಂತೀಯ. ಸರಿ, ನೀನು ಹೇಳುವ ಕತೆಯನ್ನು ನಾನೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಒಬ್ಬ ಕಪ್ಪು ಹೆಂಗಸು. ದುಡಿದು ಸುಸ್ತಾಗಿ ಬಸ್ಸು ಹತ್ತಿದಳು. ಬಿಳಿಯನಿಗೆ ಸೀಟು ಬಿಡು ಅಂದರು, ಬಿಡಲ್ಲ ಅಂದಳು. ಪೊಲೀಸರು ಬಂದರು, ಜನ ಎದ್ದರು, ಕಾನೂನು ಬದಲಾಯಿತು. ಇಷ್ಟೇ ತಾನೆ? ಈ ಕತೆ ನಿನಗೆ ಯಾಕೆ ಅಷ್ಟು ಇಷ್ಟ ಅಂತಲೂ ನನಗೆ ಗೊತ್ತು, ಮಗು. ಒಂದೇ ಸಂಜೆಯಲ್ಲಿ ಮುಗಿಯುತ್ತದೆ. ಮಾರನೆ ಬೆಳಿಗ್ಗೆ ಫೋಟೋ ಹಾಕಿಬಿಡಬಹುದು.

ಅನ್ಯಾಯ ಕಂಡರೆ ನಿನಗೆ ಮೈ ಉರಿಯುತ್ತದೆ. ಅದು ನನಗೆ ಸಂತೋಷವೇ. ಹರೆಯದಲ್ಲಿ ಉರಿಯದಿದ್ದರೆ ಇನ್ನು ಯಾವಾಗ? ಆದರೆ ನಿನಗೆ ಆತುರ ಜಾಸ್ತಿ. ಅದಕ್ಕೇ ಆ ಕತೆಯಲ್ಲಿ ನೀನು ಬಿಟ್ಟದ್ದನ್ನೆಲ್ಲ ಹೇಳುತ್ತೇನೆ. ಫೋನು ಆ ಕಡೆ ಇಟ್ಟು ಕೇಳು.

1955ರ ಡಿಸೆಂಬರ್ 1, ಗುರುವಾರ. ಅಲಬಾಮಾ ರಾಜ್ಯದ ಮಾಂಟ್‌ಗೊಮರಿ ಊರು. ಅಲ್ಲಿನ ಬಸ್ಸಿನಲ್ಲಿ ಮುಂದಿನ ಹತ್ತು ಸೀಟು ಬಿಳಿಯರಿಗೆ. ಖಾಲಿ ಇದ್ದರೂ ಕಪ್ಪು ಜನ ಕೂರುವಂತಿಲ್ಲ. ನಡುವಿನ ಸಾಲುಗಳಲ್ಲಿ ಕೂರಬಹುದು, ಬಿಳಿಯರು ಬಂದರೆ ಏಳಬೇಕು. ಮುಂದಿನ ಬಾಗಿಲಲ್ಲಿ ದುಡ್ಡು ಕೊಟ್ಟು, ಕೆಳಗಿಳಿದು, ಹಿಂದಿನ ಬಾಗಿಲಿಗೆ ಹೋಗಿ ಹತ್ತಬೇಕು. ಅಷ್ಟರಲ್ಲಿ ಡ್ರೈವರ್ ಗಾಡಿ ಬಿಟ್ಟರೆ ದುಡ್ಡೂ ಹೋಯಿತು, ಬಸ್ಸೂ ಹೋಯಿತು. ಅವತ್ತು ಒಬ್ಬ ಬಿಳಿಯ ನಿಂತಿದ್ದಾನೆ ಅಂತ ನಡುವಿನ ಸಾಲಿನ ನಾಲ್ಕೂ ಜನರಿಗೆ ಏಳಿ ಅಂದರು. ಮೂವರು ಎದ್ದರು, ರೋಸಾ ಏಳಲಿಲ್ಲ. ಸುಸ್ತಾಗಿದ್ದಳು ಅನ್ನುವ ಮಾತನ್ನು ಆಕೆಯೇ ಆಮೇಲೆ ತಳ್ಳಿಹಾಕಿದ್ದಾಳೆ. ಮೈಗೆ ಏನೂ ಆಗಿರಲಿಲ್ಲ, ಮನಸ್ಸಿಗೆ ಸಾಕಾಗಿತ್ತು.

ಆಕೆಗೆ ಆಗ 42 ವರ್ಷ. ದೊಡ್ಡ ಅಂಗಡಿಯೊಂದರಲ್ಲಿ ಬಟ್ಟೆ ಹೊಲಿಯುವ ಕೆಲಸ. ಅದರ ಜೊತೆಗೆ ಎನ್‌ಎಎಸಿಪಿ ಅನ್ನುವ ಹಕ್ಕುಗಳ ಸಂಘದ ಊರ ಶಾಖೆಗೆ 1943ರಲ್ಲೇ ಕಾರ್ಯದರ್ಶಿಯಾಗಿದ್ದಳು. ಕಾರ್ಯದರ್ಶಿ ಅಂದರೆ ವೇದಿಕೆ ಮೇಲೆ ಕೂತು ಶಾಲು ಹೊದೆಸಿಕೊಳ್ಳುವ ಹುದ್ದೆ ಅಂದುಕೊಂಡೆಯಾ? ಯಾರಿಗೆ ಎಲ್ಲಿ ಏನು ಅನ್ಯಾಯವಾಯಿತು ಅಂತ ಕೇಳಿ ಬರೆದುಕೊಳ್ಳುವುದು, ಕಾಗದ ಹಾಕುವುದು, ನಡಾವಳಿ ಬರೆದಿಡುವುದು. 1944ರಲ್ಲಿ ರೀಸಿ ಟೇಲರ್ ಎಂಬ ಹೆಣ್ಣುಮಗಳ ಮೇಲೆ ಬಿಳಿಯ ಗಂಡಸರು ಅತ್ಯಾಚಾರ ಮಾಡಿದಾಗ ಅವಳ ಊರಿಗೇ ಹೋಗಿ ಹೇಳಿಕೆ ಬರೆದುಕೊಂಡು ಬಂದವಳು ಈ ರೋಸಾ. ಆ ಗಂಡಸರಿಗೆ ಶಿಕ್ಷೆಯಾಗಲಿಲ್ಲ. ತನ್ನ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ಹೋದಾಗ ಎರಡು ಸಲ ವಾಪಸು ಕಳಿಸಿದರು. ಮೂರನೆಯ ಸಲ, 1945ರಲ್ಲಿ, ಸೇರಿಸಿಕೊಂಡರು. ಇಷ್ಟೂ ವರ್ಷ ಚಪ್ಪಾಳೆ ಹೊಡೆದವರು ಯಾರೂ ಇಲ್ಲ. ನೀನಾಗಿದ್ದರೆ ಎರಡನೇ ತಿಂಗಳಿಗೇ ಗ್ರೂಪು ಬಿಟ್ಟು ಹೋಗುತ್ತಿದ್ದೆ. ಹೌದೋ ಅಲ್ಲವೋ?

ಇನ್ನೊಂದು ವಿಷಯ ಕೇಳು, ಇದು ನಮ್ಮಂಥ ಹಿರಿಯರಿಗೆ ಹಿತವಾದದ್ದಲ್ಲ. ರೋಸಾ ಏಳದೆ ಕೂತ ಅದೇ 1955ರ ಮಾರ್ಚ್ 2ರಂದು ಅದೇ ಊರಿನಲ್ಲಿ ಕ್ಲಾಡೆಟ್ ಕಾಲ್ವಿನ್ ಎಂಬ ಹದಿನೈದು ವರ್ಷದ ಹುಡುಗಿ ಸೀಟು ಬಿಡಲಿಲ್ಲ. ಅವಳನ್ನೂ ಪೊಲೀಸರು ಎಳೆದುಕೊಂಡು ಹೋದರು. ಆದರೆ ಮುಂದಾಳುಗಳು ಹಿಂದೇಟು ಹಾಕಿದರು. ವಯಸ್ಸು ಚಿಕ್ಕದು, ಮನೆ ಬಡವರದು, ಮಾತು ದುಡುಕು. ಆಮೇಲೆ ಅವಳು ಬಸುರಿ ಅಂತ ತಿಳಿದ ಮೇಲಂತೂ ಮುಗಿದೇಹೋಯಿತು. ಹೋರಾಟಕ್ಕೂ ಮಡಿ ಮೈಲಿಗೆ ಇರುತ್ತದೆ ನೋಡು. ನಾಳೆ ನಿನ್ನನ್ನೂ ಯಾರಾದರೂ ಹೀಗೆ ಪಕ್ಕಕ್ಕೆ ಸರಿಸುತ್ತಾರೆ. ಕೋಪ ಬರಲಿ, ಆದರೆ ಮನೆಗೆ ಹೋಗಿ ಕದ ಹಾಕಿಕೊಳ್ಳಬೇಡ. ಕ್ಲಾಡೆಟ್ ಹಾಗೆ ಮಾಡಲಿಲ್ಲ. ಅದು ಮುಂದೆ ಬರುತ್ತದೆ.

ರೋಸಾ ಬಂಧನವಾದ ರಾತ್ರಿ ಏನಾಯಿತು ಗೊತ್ತೇ? ಕಪ್ಪು ಜನರ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಜೋ ಆನ್ ರಾಬಿನ್‌ಸನ್ ಎಂಬ ಮೇಡಂ ನಿದ್ದೆ ಮಾಡಲಿಲ್ಲ. ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದ ಮುಂದೆ ನಿಂತು, ಒಬ್ಬ ಸಹೋದ್ಯೋಗಿ, ಇಬ್ಬರು ವಿದ್ಯಾರ್ಥಿಗಳ ಜೊತೆ, ಬೆಳಗಾಗುವುದರೊಳಗೆ ಹತ್ತಾರು ಸಾವಿರ ಕರಪತ್ರ ಒತ್ತಿದಳು. ಸೋಮವಾರ ಬಸ್ಸು ಹತ್ತಬೇಡಿ, ಅಷ್ಟೇ ವಿಷಯ. ಇದೂ ಆ ರಾತ್ರಿ ಹೊಳೆದದ್ದಲ್ಲ. ಬಸ್ಸುಗಳನ್ನು ಬಹಿಷ್ಕರಿಸಬೇಕಾದೀತು ಅಂತ 1954ರ ಮೇ ತಿಂಗಳಲ್ಲೇ ಮೇಯರ್‌ಗೆ ಕಾಗದ ಬರೆದಿದ್ದಳು. ಅವಳ ಮಹಿಳಾ ಸಂಘ ತಯಾರಾಗಿ ಕಾದು ಕೂತಿತ್ತು. ಗಳಿಗೆ ಬಂದಾಗ ಯಂತ್ರ ಎಲ್ಲಿದೆ, ಕಾಗದ ಯಾರ ಬೀರುವಿನಲ್ಲಿದೆ, ಯಾವ ಬೀದಿಗೆ ಯಾರು ಹಂಚಬೇಕು ಎಲ್ಲ ಗೊತ್ತಿತ್ತು.

ಸೋಮವಾರ ಬಸ್ಸುಗಳು ಖಾಲಿ ಓಡಿದವು. ಅವತ್ತು ಸಂಜೆ ಚರ್ಚಿನಲ್ಲಿ ಸೇರಿದ ಜನ ಮುಂದುವರಿಸೋಣ ಅಂದರು. ಅದಕ್ಕೆಂದೇ ಕಟ್ಟಿದ ಹೊಸ ಸಂಘಕ್ಕೆ ಅಧ್ಯಕ್ಷನಾದವನು ಊರಿಗೆ ಹೊಸಬ, 26 ವರ್ಷದ ಪಾದ್ರಿ, ಮಾರ್ಟಿನ್ ಲೂಥರ್ ಕಿಂಗ್. ಅವರ ಮೊದಲ ಬೇಡಿಕೆ ಕೇಳಿದರೆ ನೀನು ಮೂಗು ಮುರಿಯುತ್ತೀಯ. ಡ್ರೈವರುಗಳು ಮರ್ಯಾದೆಯಿಂದ ಮಾತಾಡಲಿ. ಕಪ್ಪು ಜನ ಹಿಂದಿನಿಂದ, ಬಿಳಿಯರು ಮುಂದಿನಿಂದ ಬಂದ ಹಾಗೆ ಕೂರಲಿ, ಕೂತವರನ್ನು ಎಬ್ಬಿಸುವುದು ಬೇಡ. ಕಪ್ಪು ಜನರ ಬಡಾವಣೆಗೆ ಕಪ್ಪು ಡ್ರೈವರುಗಳನ್ನು ಹಾಕಲಿ. ಇಷ್ಟನ್ನೂ ಆ ಊರು ಕೊಡಲಿಲ್ಲ. ಕೊಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಹಟ ಮಾಡಿದವರೇ ಜನರಿಗೆ ದೊಡ್ಡದನ್ನು ಕೇಳುವುದು ಕಲಿಸಿದರು.

ಈಗ ನಿನಗೆ ಬೇಸರ ತರಿಸುವ ಭಾಗ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಬಸ್ಸು ಬೇಡ ಅಂದಾಯಿತು. ಕೆಲಸಕ್ಕೆ ಹೋಗೋದು ಹೇಗೆ? ಕಪ್ಪು ಟ್ಯಾಕ್ಸಿಯವರು ಬಸ್ಸಿನ ರೇಟಿಗೇ, ಹತ್ತು ಸೆಂಟಿಗೆ, ಜನರನ್ನು ಕೂರಿಸಿಕೊಂಡರು. ಕನಿಷ್ಠ 45 ಸೆಂಟು ತಗೊಳ್ಳಲೇಬೇಕು ಅಂತ ಆಡಳಿತ ಹಳೇ ಕಾನೂನು ಹೊರಗೆ ತೆಗೆಯಿತು. ಆಗ 1953ರಲ್ಲೇ ಇಂಥ ಬಹಿಷ್ಕಾರ ಮಾಡಿದ್ದ ಬ್ಯಾಟನ್ ರೂಜ್ ಊರಿನವರನ್ನು ಕೇಳಿ, ಸುಮಾರು 300 ಕಾರುಗಳನ್ನು ಹೊಂದಿಸಿದರು. ಎಲ್ಲಿ ಹತ್ತಿಸಬೇಕು, ಎಲ್ಲಿ ಇಳಿಸಬೇಕು, ಎಷ್ಟು ಹೊತ್ತಿಗೆ ಎಲ್ಲ ಗೊತ್ತುಮಾಡಿದರು. ಎದುರಾಳಿಗಳು ಕಾರಿನ ವಿಮೆ ರದ್ದು ಮಾಡಿಸಿದರೆ ಇವರು ಲಂಡನ್ನಿನ ಲಾಯ್ಡ್ಸ್‌ನಿಂದ ವಿಮೆ ತಂದರು. ಮನೆಕೆಲಸದವರನ್ನು ಕಾರಿನಲ್ಲಿ ಕರೆತರಬೇಡಿ ಅಂತ ಮೇಯರ್ ಬಿಳಿಯ ಗೃಹಿಣಿಯರಿಗೆ ಹೇಳಿದ. ಎಷ್ಟೋ ಜನ ಕಿವಿಗೇ ಹಾಕಿಕೊಳ್ಳಲಿಲ್ಲ. ಮುಸುರೆ ತಿಕ್ಕಲು ಮೇಯರ್ ಬರುತ್ತಾನೆಯೇ?

ದುಡ್ಡು? ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯಾಕೆ ಇದ್ದಳು. ಹೆಂಗಸರ ಗುಂಪು ಕಟ್ಟಿಕೊಂಡು ಮನೆಯಲ್ಲಿ ಕೋಳಿ ಕರಿದು, ಕೇಕು ಮಾಡಿ ಮಾರಿ, ಬಂದ ಹಣ ಸಭೆಯಲ್ಲಿ ಒಪ್ಪಿಸುತ್ತಿದ್ದಳು. ಕೊಟ್ಟವರ ಹೆಸರು ಹೊರಗೆ ಬಂದರೆ ಅವರ ಕೆಲಸ ಹೋಗುತ್ತದೆ. ಅದಕ್ಕೆ ಗುಂಪಿನ ಹೆಸರೇ ‘ಕ್ಲಬ್ ಫ್ರಮ್ ನೋವೇರ್’, ಅಂದರೆ ಎಲ್ಲಿಂದಲೂ ಬಾರದ ಕ್ಲಬ್ಬು. ಕೊನೆಗೆ ಅವಳ ಕೆಲಸವೇ ಹೋಯಿತು. ಮನೆಯಲ್ಲೇ ಊಟ ಹಾಕಲು ಶುರುಮಾಡಿದಳು, ಕಿಂಗ್ ಕೂಡ ಅಲ್ಲಿ ಬಂದು ಉಣ್ಣುತ್ತಿದ್ದ.

ನಮ್ಮ ಕಡೆ ಎಷ್ಟೋ ಸಂಘಗಳು ಹುಟ್ಟಿದ್ದನ್ನೂ ಸತ್ತದ್ದನ್ನೂ ನೋಡಿದ್ದೇನೆ. ವೈರಿಗಳ ಕೈಯಲ್ಲಿ ಸತ್ತದ್ದು ಕಡಿಮೆ. ಕಾಫಿಗೆ ದುಡ್ಡು ಕೊಡೋರು ಯಾರು, ಲೆಕ್ಕ ಇಡೋರು ಯಾರು ಅನ್ನೋ ಜಗಳದಲ್ಲಿ ಸತ್ತದ್ದೇ ಹೆಚ್ಚು. ಮಾಂಟ್‌ಗೊಮರಿಯಲ್ಲೂ ಒಳಗಿನವನೊಬ್ಬ ಹಣ ದುರುಪಯೋಗ ಅಂತ ಆರೋಪ ಮಾಡಿ, ಆಮೇಲೆ ವಾಪಸು ತಗೊಂಡ. ಆದರೂ ಸಂಘ ಒಡೆಯಲಿಲ್ಲ.

ಸಿಟ್ಟಿನ ಮಾತಿಗೆ ಬರೋಣ, ಅದು ನಿನ್ನ ಖಾತೆ. 1956ರ ಜನವರಿ 30ರ ರಾತ್ರಿ ಕಿಂಗ್ ಮನೆಗೆ ಬಾಂಬು ಹಾಕಿದರು. ಒಳಗೆ ಹೆಂಡತಿ, ಎಳೇ ಕೂಸು. ಅವರಿಗೆ ಏನೂ ಆಗಲಿಲ್ಲ, ಆದರೆ ಅಂಗಳದಲ್ಲಿ ಸೇರಿದ ಜನರ ಕೈಯಲ್ಲಿ ಬಂದೂಕುಗಳಿದ್ದವು. ಕಿಂಗ್ ಅವರನ್ನು ಸಮಾಧಾನ ಮಾಡಿ ಮನೆಗೆ ಕಳಿಸಿದ. ಹುಟ್ಟು ಸಂತ ಅಂದುಕೊಳ್ಳಬೇಡ. ಅದಾದ ಮೇಲೆ ಬಂದೂಕು ಇಟ್ಟುಕೊಳ್ಳಲು ಪರವಾನಗಿಗೆ ಆತನೇ ಅರ್ಜಿ ಹಾಕಿದ, ಸರ್ಕಾರ ಕೊಡಲಿಲ್ಲ. ಅಹಿಂಸೆಯನ್ನು ಆತ ಮೆಲ್ಲಗೆ ಕಲಿತ, ಕಲಿತದ್ದನ್ನು ಉಳಿಸಿಕೊಂಡ. ಫೆಬ್ರವರಿಯಲ್ಲಿ ಬಹಿಷ್ಕಾರ ನಿಷೇಧದ ಹಳೇ ಕಾಯ್ದೆ ಹಿಡಿದು 89 ಜನರ ಮೇಲೆ ಮೊಕದ್ದಮೆ ಹೂಡಿದಾಗ ಅವರು ಓಡಿ ಅವಿತುಕೊಳ್ಳಲಿಲ್ಲ. ತಾವಾಗಿಯೇ ಹೋಗಿ, ನಮ್ಮ ಹೆಸರೂ ಇದೆಯೇ ನೋಡಿ ಅಂತ ನಿಂತರು. ಬಂಧಿಸಲು ಹೊರಟವರಿಗೆ ಮುಜುಗರ.

ಕೋರ್ಟಿನಲ್ಲಿ ಗೆದ್ದ ಕೇಸು ರೋಸಾಳದ್ದಲ್ಲ. ನಾಲ್ವರು ಹೆಣ್ಣುಮಕ್ಕಳು ಬೇರೆ ದಾವೆ ಹಾಕಿದರು. ಆ ನಾಲ್ವರಲ್ಲಿ ಒಬ್ಬಳು ಪಕ್ಕಕ್ಕೆ ಸರಿಸಲ್ಪಟ್ಟ ಕ್ಲಾಡೆಟ್. ಕಟಕಟೆಯಲ್ಲಿ ನಿಂತು ಧೈರ್ಯವಾಗಿ ಸಾಕ್ಷಿ ಹೇಳಿದಳು. 1956ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ಬಸ್ಸಿನ ಪ್ರತ್ಯೇಕತೆ ಸಂವಿಧಾನಕ್ಕೆ ವಿರುದ್ಧ ಅನ್ನುವ ಕೆಳಗಿನ ಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. ಅವತ್ತೇ ಊರಿನ ಕೋರ್ಟು ಕಾರಿನ ವ್ಯವಸ್ಥೆಯನ್ನು ನಿಷೇಧಿಸಿತು! ಆದೇಶದ ಕಾಗದ ಊರಿಗೆ ಬರುವವರೆಗೆ ಇನ್ನೂ ಒಂದು ತಿಂಗಳ ಮೇಲೆ ಜನ ನಡೆದರು. ಒಟ್ಟು 381 ದಿನ. ಕ್ಲಾಡೆಟ್‌ಳ ಆ ಹಳೇ ಪೊಲೀಸ್ ದಾಖಲೆ ಅಳಿಸಿದ್ದು 2021ರಲ್ಲಿ, ಅವಳಿಗೆ 82 ಆದ ಮೇಲೆ.

ಸ್ವಾತಂತ್ರ್ಯ ಅಂದರೇನು ಅಂತ ಕೇಳಿದೆಯಲ್ಲ, ನನಗೆ ಅದು ಕಾಣುವುದು ಆ ಕೊನೆಯ ವಾರಗಳಲ್ಲಿ. ಗೆದ್ದಾಯಿತು, ಕುಣಿಯಬಹುದಿತ್ತು. ಅವರು ಚರ್ಚಿನಲ್ಲಿ ಕುರ್ಚಿಗಳನ್ನು ಬಸ್ಸಿನ ಹಾಗೆ ಸಾಲಾಗಿ ಜೋಡಿಸಿ, ಕೆಲವರನ್ನು ಬಿಳಿಯರ ಪಾತ್ರಕ್ಕೆ, ಕೆಲವರನ್ನು ತಮ್ಮದೇ ಪಾತ್ರಕ್ಕೆ ಹಾಕಿ, ಬಸ್ಸಿನಲ್ಲಿ ಹೇಗೆ ಕೂರಬೇಕು ಅಂತ ಅಭ್ಯಾಸ ಮಾಡಿದರು. ಪಾತ್ರ ಮೈಮೇಲೆ ಬಂದು ಕೆಲವರು ನಿಜವಾಗಿಯೂ ರೇಗುತ್ತಿದ್ದರು, ಬಿಡಿಸಬೇಕಾಗುತ್ತಿತ್ತು. ಬೀಗಬೇಡಿ. ಬೇರೆ ಸೀಟು ಇದ್ದರೆ ಬೇಕೆಂದೇ ಬಿಳಿಯರ ಪಕ್ಕ ಹೋಗಿ ಕೂರಬೇಡಿ. ಬೈದರೆ ಬೈಯಬೇಡಿ, ತಳ್ಳಿದರೆ ತಳ್ಳಬೇಡಿ. ತಡೆದುಕೊಳ್ಳಲು ಆಗದವರು ಇನ್ನೊಂದೆರಡು ವಾರ ನಡೆದೇ ಹೋಗಿ. ಹೀಗೆ ಸೂಚನೆಗಳನ್ನು ಅಚ್ಚು ಹಾಕಿಸಿ ಹಂಚಿದರು.

ನೀನು ಈಗ ಕೇಳುತ್ತೀಯ: ಏಟು ತಿಂದವರೇ ಸಭ್ಯತೆಯನ್ನೂ ಕಲಿಯಬೇಕೇ? ಇದು ಯಾವ ನ್ಯಾಯ? ಒಪ್ಪಿದೆ, ನ್ಯಾಯ ಅಲ್ಲ. ಬಿಳಿಯರೂ ಇಂಥ ಪಾಠಶಾಲೆ ಇಟ್ಟುಕೊಳ್ಳಬೇಕಿತ್ತು, ಇಟ್ಟುಕೊಳ್ಳಲಿಲ್ಲ. ಆದರೆ ಬೆಳಗಾದರೆ ಅದೇ ಬಸ್ಸಿನಲ್ಲಿ, ಅದೇ ಜನರ ಜೊತೆ ಕೆಲಸಕ್ಕೆ ಹೋಗಬೇಕಾದವರು ಇವರು. ತಮ್ಮ ಸಿಟ್ಟಿನ ಕೀಲಿಕೈಯನ್ನು ಮುಂದಿನ ಸೀಟಿನವನ ಕೈಗೆ ಕೊಡಲು ಅವರಿಗೆ ಮನಸ್ಸಿರಲಿಲ್ಲ. ಬೈದವನು ಬೈದಾಗಲೆಲ್ಲ ನೀನು ಕೂಗಾಡಿದರೆ ನಿನ್ನ ದಿನವನ್ನು ನಡೆಸುವವನು ಅವನೇ. ಸೀಟನ್ನು ಕೋರ್ಟು ಕೊಡಬಹುದು. ಅದರಲ್ಲಿ ತಲೆ ಎತ್ತಿ, ಇನ್ನೊಬ್ಬನ ತಲೆ ತಗ್ಗಿಸದೆ ಕೂರುವುದನ್ನು ನಾವೇ ರೂಢಿ ಮಾಡಿಕೊಳ್ಳಬೇಕು.

ಅಷ್ಟಾದ ಮೇಲೂ ಎಲ್ಲ ಸುಖವಾಗಲಿಲ್ಲ. ಬಸ್ಸುಗಳ ಮೇಲೆ ಗುಂಡು ಹಾರಿತು, ಗರ್ಭಿಣಿಯೊಬ್ಬಳ ಕಾಲುಗಳಿಗೆ ತಗುಲಿತು. 1957ರ ಜನವರಿಯಲ್ಲಿ ನಾಲ್ಕು ಚರ್ಚುಗಳಿಗೆ, ಇಬ್ಬರು ಪಾದ್ರಿಗಳ ಮನೆಗಳಿಗೆ ಬಾಂಬು ಬಿತ್ತು. ರೋಸಾ ಕೆಲಸ ಕಳೆದುಕೊಂಡು ಕೊನೆಗೆ ಊರು ಬಿಟ್ಟು ಡೆಟ್ರಾಯಿಟ್ ಸೇರಿದಳು. ಗೆದ್ದವರಿಗೆಲ್ಲ ಬಹುಮಾನ ಸಿಗುತ್ತದೆ ಅಂತ ನಂಬಿ ಯಾವ ಕೆಲಸಕ್ಕೂ ಇಳಿಯಬೇಡ.

ಅಮೆರಿಕದವರನ್ನು ಬೈದು ಹಾಯಾಗಿರಬೇಡ. ತನ್ನೆಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದೆಲೆಯ ನೊಣ ತೋರಿಸಿದರಂತೆ. ಇಲ್ಲಿ ಪಕ್ಕದೆಲೆಯಲ್ಲಿ ಬಿದ್ದದ್ದೂ ಹೆಗ್ಗಣವೇ, ನಮ್ಮದರಲ್ಲಿ ಬಿದ್ದದ್ದೂ ಹೆಗ್ಗಣವೇ. ಅಂಬೇಡ್ಕರರು 1946ರಲ್ಲೇ ಅಲ್ಲಿನ ಡುಬಾಯ್ಸ್ ಎಂಬ ಕಪ್ಪು ವಿದ್ವಾಂಸರಿಗೆ ಕಾಗದ ಬರೆದು, ನಿಮ್ಮ ಜನರ ಪಾಡಿಗೂ ನಮ್ಮ ಜನರ ಪಾಡಿಗೂ ಹೋಲಿಕೆ ಇದೆ ಅಂದಿದ್ದರು. ನಮ್ಮ ಕಡೆಯ ಹೋಟೆಲುಗಳ ಹೊರಗೆ ದಲಿತರಿಗೆ ಅಂತ ಬೇರೆ ಲೋಟ ಇರುತ್ತಿತ್ತು, ಕುಡಿದವರೇ ತೊಳೆದಿಡಬೇಕಿತ್ತು. ಅದನ್ನು ಅಪರಾಧ ಅಂದ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂದದ್ದೂ 1955ರಲ್ಲೇ, ರೋಸಾ ಏಳದೆ ಕೂತ ವರ್ಷ. ಕಾಯ್ದೆ ಬಂದ ಎಷ್ಟೋ ಕಾಲದ ಮೇಲೂ ಆ ಲೋಟ ಗೋಡೆಗೂಡಿನಲ್ಲಿ ಕೂತಿತ್ತು. ಈಗ ಹೋಗಿದ್ದರೆ ಒಳ್ಳೆಯದು. ಹೋಗಿದೆಯೇ ಅಂತ ನಿನ್ನ ಅಡುಗೆಮನೆಯಲ್ಲಿ, ಕೆಲಸದಾಕೆಗೆ ಕಾಫಿ ಕೊಡುವ ಕಡೆ, ಒಂದು ಸಲ ನೋಡು.

ಭಾನುವಾರ ನಿಮ್ಮ ಸಂಘದ ಸಭೆ ಇದೆ ಅಂದೆಯಲ್ಲ, ಹೋಗು. ಹೊತ್ತಿಗೆ ಸರಿಯಾಗಿ ಹೋಗು. ಭಾಷಣ ಮಾಡುವವರು ಬೇಕಾದಷ್ಟು ಜನ ಸಿಗುತ್ತಾರೆ. ನಡಾವಳಿ ಬರೆಯುವವರು ಯಾರು, ಚಂದಾ ಲೆಕ್ಕ ಇಡುವವರು ಯಾರು ಅಂತ ಕೇಳು. ಯಾರೂ ಕೈ ಎತ್ತದಿದ್ದರೆ ನೀನು ಎತ್ತು. ಅಕ್ಷರ ಮಾತ್ರ ಸ್ವಲ್ಪ ದುಂಡಗಿರಲಿ. ನಿನ್ನ ಬರಹ ಇನ್ನೊಬ್ಬರಿಗೆ ಓದಲು ಬರುವ ಹಾಗಿಲ್ಲ.