ಕಪ್ಪೆಗಳ ಬೂಷ್ಟುರೋಗ: ಒಂದು ಪ್ರಕೃತಿಪಾಠ

ಪ್ರತಿ ವರ್ಷವೂ ಮುಂಗಾರು ಹಿಡಿದ ಕೂಡಲೇ ನಮ್ಮ ಬಾಲಿಕೆಯರು ಹಳ್ಳದ ಗೊದಮೊಟ್ಟೆಗಳನ್ನು ಸೀಸೆಯಲ್ಲಿ ತುಂಬಿ ಪ್ರಕೃತಿಪಾಠಕ್ಕೆ ತರುವದುಂಟು. ಪಾಠವು ಮುಗಿದ ಬಳಿಕ ಅವುಗಳನ್ನು ಸಮೀಪದ ಕೆರೆಯಲ್ಲಿ ಬಿಡಬಹುದೇ ಎಂದು ಕೇಳುತ್ತಾರೆ. ಕೂಡದೆಂಬದೇ ನಮ್ಮ ಉತ್ತರ. ಕರುಣೆಯಿಂದ ಹುಟ್ಟಿದ ಪ್ರಶ್ನೆಗೆ ಇಂಥ ಉತ್ತರವೇಕೆಂಬದನ್ನು ಪೋಷಕರೂ ಹಳೆಯ ವಿದ್ಯಾರ್ಥಿನಿಯರೂ ತಿಳಿಯುವದು ಒಳ್ಳೆಯದು.

ಕಪ್ಪೆಯು ನೀರನ್ನೂ ಲವಣಗಳನ್ನೂ ಚರ್ಮದ ಮೂಲಕವೇ ಹೀರುವ ಪ್ರಾಣಿ. ಕೈಟ್ರಿಡ್ ವರ್ಗದ ಒಂದು ಸೂಕ್ಷ್ಮ ಬೂಷ್ಟು ಆ ಚರ್ಮದಲ್ಲಿ ನೆಲೆಗೊಂಡು ಬಲಿತರೆ, ರಕ್ತದ ಲವಣಾಂಶವು ಕುಂದಿ ಹೃದಯವೇ ನಿಂತುಹೋಗುವದು. ಆಸ್ಟ್ರೇಲಿಯಾ ಮತ್ತು ಪನಾಮಾ ದೇಶಗಳ ಕಾಡುಗಳಲ್ಲಿ ಕಪ್ಪೆಗಳು ರಾಶಿರಾಶಿಯಾಗಿ ಸಾಯುವದಕ್ಕೆ ಇದೇ ಕಾರಣವೆಂದು 1998ರಲ್ಲಿ ಪ್ರಕಟವಾಯಿತು. ನಮ್ಮ ಪಶ್ಚಿಮ ಘಟ್ಟಗಳ ಕಪ್ಪೆಗಳಲ್ಲಿಯೂ ಈ ಬೂಷ್ಟು ಪತ್ತೆಯಾಗಿದೆ.

ಆದರೆ ಅದು ಎಲ್ಲೆಡೆಯೂ ಸಮನಾಗಿ ಕೊಲ್ಲುವದಿಲ್ಲ. ಅದರ ಬಲವು ಬಹುಮಟ್ಟಿಗೆ ಸುತ್ತಲಿನ ಸ್ಥಿತಿಯನ್ನು ಅವಲಂಬಿಸಿದೆ. ಅದರ ಬೀಜಕಣಗಳು ನೀರಿನಲ್ಲಿ ಈಜುವಂಥವು, ಒಣಗಿದರೆ ಸಾಯುವವು. 17ರಿಂದ 25 ಡಿಗ್ರಿ ಸೆಂಟಿಗ್ರೇಡಿನ ಉಷ್ಣತೆಯಲ್ಲಿ ಬೂಷ್ಟು ಚೆನ್ನಾಗಿ ಬೆಳೆಯುತ್ತದೆ. 28 ಡಿಗ್ರಿಯ ಹೊತ್ತಿಗೆ ಬೆಳವಣಿಗೆಯು ನಿಲ್ಲುತ್ತದೆ. ಆದಕಾರಣ ಎತ್ತರದ ಬೆಟ್ಟಗಳ ತಂಪಾದ ತೊರೆಗಳಲ್ಲಿ ಇದರ ಹಾವಳಿಯು ಹೆಚ್ಚು.

ಈ ತತ್ತ್ವದಿಂದಲೇ ಒಂದು ಸುಲಭೋಪಾಯವು ದೊರಕಿದೆ. ಆಸ್ಟ್ರೇಲಿಯಾದ ವಿಜ್ಞಾನಿಗಳು ತೂತುಗಳುಳ್ಳ ಇಟ್ಟಿಗೆಗಳಿಗೆ ಕಪ್ಪು ಬಣ್ಣ ಬಳಿದು, ಅವನ್ನು ಪುಟ್ಟ ಹಸುರುಮನೆಗಳೊಳಗೆ ಬಿಸಿಲಿನಲ್ಲಿರಿಸಿದರು. ಕಪ್ಪೆಗಳು ತಾವಾಗಿಯೇ ಆ ಬೆಚ್ಚನೆಯ ತೂತುಗಳನ್ನು ಸೇರಿ ರೋಗದಿಂದ ಚೇತರಿಸಿಕೊಂಡವು. ಒಮ್ಮೆ ಗುಣವಾದವುಗಳು ಮುಂದೆ ತಂಪಿನಲ್ಲಿಯೂ ರೋಗವನ್ನು ಹೆಚ್ಚಾಗಿ ತಡೆದುಕೊಂಡವೆಂದು 2024ರಲ್ಲಿ ಪ್ರಕಟವಾದ ಅವರ ಲೇಖನವು ತಿಳಿಸುತ್ತದೆ.

ಇನ್ನು ನಮ್ಮ ಸೀಸೆಯ ವಿಷಯ. ಗೊದಮೊಟ್ಟೆಯಲ್ಲಿ ಬೂಷ್ಟು ಬಾಯಿಯ ಭಾಗದಲ್ಲಿ ಮಾತ್ರ ಅಡಗಿರುವದರಿಂದ, ಮರಿಯು ಸಾಯದೆ, ನೋಡಲು ಆರೋಗ್ಯವಾಗಿಯೇ ಇದ್ದು, ರೋಗವನ್ನು ಹೊಸ ನೀರಿಗೆ ಒಯ್ಯಬಲ್ಲದು. ಆದುದರಿಂದ ಒಂದು ಹಳ್ಳದ ಮರಿಗಳನ್ನು ಮತ್ತೊಂದರ ಮರಿಗಳೊಡನೆ ಬೆರಸದೆ, ತಂದ ಸ್ಥಳಕ್ಕೇ ಹಿಂದಿರುಗಿಸುತ್ತೇವೆ; ಸೀಸೆಗಳನ್ನೂ ಪಾದರಕ್ಷೆಗಳನ್ನೂ ತೊಳೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸುತ್ತೇವೆ. ಮಕ್ಕಳೊಡನೆ ಘಟ್ಟದ ತೊರೆಗಳಿಗೆ ಹೋಗುವ ತಾಯಂದಿರು ಮನೆಯಲ್ಲಿಯೂ ಹೀಗೆಯೇ ಮಾಡಬೇಕೆಂದು ಬೇಡುತ್ತೇವೆ. ದೇವರ ಸೃಷ್ಟಿಯ ಅಲ್ಪಜೀವಿಗಳನ್ನು ಕಾಯುವದಕ್ಕೆ ಕರುಣೆಯೊಂದೇ ಸಾಲದು. ಅದಕ್ಕೆ ಅರಿವೂ ಜೊತೆಗೂಡಬೇಕು.